ವಿಕ್ಕಾ ಅಂದರೆ ಮಾಟವಾ? ಪೇಗನ್ ಆಚರಣೆಗಳ ಬಗ್ಗೆ ಜನ ಕೇಳುವ ಪ್ರಶ್ನೆಗಳು

ಅಕ್ಟೋಬರ್ ಮುಗಿಯುವ ಹೊತ್ತಿಗೆ ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಈಗ ಹ್ಯಾಲೋವೀನ್ ಗಲಾಟೆ. ಮಕ್ಕಳು ಚೂಪು ಟೋಪಿ ಹಾಕಿಕೊಂಡು, ಕೈಯಲ್ಲೊಂದು ಪೊರಕೆ ಹಿಡಿದು, ಮನೆಮನೆಗೆ ಹೋಗಿ ಚಾಕೊಲೇಟ್ ಕೇಳುತ್ತಾರೆ. ಅಷ್ಟಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಪಿಯುಸಿ ಓದುವ ಮಗಳ ಫೋನಿನಲ್ಲಿ ಹುಣ್ಣಿಮೆ ನೀರು, ಬಣ್ಣಬಣ್ಣದ ಮೇಣದಬತ್ತಿ, ಐದು ಮೂಲೆಯ ನಕ್ಷತ್ರ ಇರುವ ರೀಲ್ಸು ಸಾಲಾಗಿ ಬರತೊಡಗಿದರೆ ಅಪ್ಪ ಅಮ್ಮನಿಗೆ ಎದೆ ಧಸಕ್ ಅನ್ನುತ್ತದೆ. ಟಿಕ್‌ಟಾಕ್ 2020ರಲ್ಲೇ ಇಲ್ಲಿ ಬಂದ್ ಆಯಿತು ನಿಜ, ಆದರೆ ಅಲ್ಲಿ ಜೋರಾಗಿ ಓಡಿದ 'ವಿಚ್‌ಟಾಕ್' (ವಿಚ್ ಅಂದರೆ ಮಾಟಗಾತಿ) ವಿಡಿಯೋಗಳು ಇನ್‌ಸ್ಟಾಗ್ರಾಂ ದಾರಿಯಲ್ಲಿ ನಮ್ಮ ಮನೆಗೂ ಬಂದವು. ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡದವರಿಗಂತೂ ಇದು ಇನ್ನೂ ಹತ್ತಿರದ ವಿಷಯ. ಆಫೀಸಿನಲ್ಲಿ ಪಕ್ಕದಲ್ಲಿ ಕೂರುವವರೇ ಊಟದ ಹೊತ್ತಿಗೆ "ನಾನು ವಿಕ್ಕನ್" ಅಂದುಬಿಡುತ್ತಾರೆ. ಹಾಗಂದರೇನು ಅಂತ ಕೇಳೋಕೆ ಸಂಕೋಚ, ಕೇಳದೇ ಇರೋಕೆ ಕುತೂಹಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಅವರು ಏನನ್ನು ನಂಬುತ್ತಾರೆ?" ಅಂತ ಹೊರಟರೆ ಗೊಂದಲವೇ ಜಾಸ್ತಿ, ಯಾಕೆಂದರೆ ಹತ್ತು ಜನ ಹತ್ತು ಥರ ಉತ್ತರ ಕೊಡುತ್ತಾರೆ. "ಅವರು ಏನು ಮಾಡುತ್ತಾರೆ?" ಅಂತ ಕೇಳಿದರೆ ವಿಷಯ ಬೇಗ ತಿಳಿಯುತ್ತದೆ. ಈ ಲೇಖನದಲ್ಲಿ ಹೆಚ್ಚು ಜಾಗ ಎರಡನೇ ಪ್ರಶ್ನೆಗೆ.

ಪೇಗನ್ ಯಾರು, ವಿಕ್ಕನ್ ಯಾರು?

ಪೇಗನ್ ಅನ್ನುವುದು ಒಂದು ಧರ್ಮದ ಹೆಸರಲ್ಲ. ಕ್ರೈಸ್ತ ಧರ್ಮ ಬರುವ ಮೊದಲು ಯುರೋಪಿನಲ್ಲಿದ್ದ ದೇವರು, ಹಬ್ಬ, ಪೂಜೆಗಳಿಂದ ಸ್ಫೂರ್ತಿ ಪಡೆದು ಈಚಿನ ಕಾಲದಲ್ಲಿ ಕಟ್ಟಿಕೊಂಡ ಹಲವು ಪಂಥಗಳಿಗೆ ಸೇರಿಸಿ ಹೇಳುವ ಹೆಸರು ಅದು. ಅದರಲ್ಲಿ ಡ್ರೂಯಿಡ್ ಪಂಥದವರಿದ್ದಾರೆ, ಅವರ ಒಲವು ಬ್ರಿಟನ್ ಮತ್ತು ಐರ್ಲೆಂಡಿನ ಕೆಲ್ಟಿಕ್ ಪರಂಪರೆಯ ಕಡೆಗೆ. ಥಾರ್, ಓಡಿನ್ ಮೊದಲಾದ ಉತ್ತರ ಯುರೋಪಿನ ದೇವರುಗಳನ್ನು ಪೂಜಿಸುವ ಹೀದನ್‌ಗಳಿದ್ದಾರೆ. ಐಸ್‌ಲ್ಯಾಂಡಿನಲ್ಲಿ ಇಂಥ ಒಂದು ಸಂಘ 1972ರಲ್ಲಿ ಶುರುವಾಗಿ ಮರುವರ್ಷವೇ ಸರ್ಕಾರದ ಮಾನ್ಯತೆ ಪಡೆಯಿತು. ಹಳೆಯ ಗ್ರೀಕ್ ದೇವತೆಗಳನ್ನು ಪೂಜಿಸುವವರೂ ಇದ್ದಾರೆ.

ವಿಕ್ಕಾ ಇವುಗಳಲ್ಲಿ ಒಂದು, ಹೊರಗಿನವರಿಗೆ ಹೆಚ್ಚು ಗೊತ್ತಿರುವುದೂ ಅದೇ. ಅಂದರೆ ವಿಕ್ಕನ್‌ಗಳೆಲ್ಲ ಪೇಗನ್‌ಗಳು, ಆದರೆ ಪೇಗನ್‌ಗಳೆಲ್ಲ ವಿಕ್ಕನ್‌ಗಳಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 74,000 ಜನ ತಮ್ಮ ಧರ್ಮ ಪೇಗನ್ ಎಂದು ಬರೆಸಿದರು, ಸುಮಾರು 13,000 ಜನ ವಿಕ್ಕಾ ಎಂದು ಬರೆಸಿದರು. ದೊಡ್ಡ ಸಂಖ್ಯೆಯೇನಲ್ಲ. ಅದೇ ಪಟ್ಟಿಯಲ್ಲಿ ಜೈನರು ಸುಮಾರು 25,000.

ಇವರಿಗೆ ಒಬ್ಬ ಜಗದ್ಗುರು ಇಲ್ಲ, ಎಲ್ಲರೂ ಒಪ್ಪುವ ಒಂದು ಗ್ರಂಥವಿಲ್ಲ, ಇಷ್ಟನ್ನು ನಂಬಲೇಬೇಕು ಅನ್ನುವ ಪಟ್ಟಿಯೂ ಇಲ್ಲ. ಹೊರಗಿನವರಿಗೆ ಗೊಂದಲ ಆಗುವುದು ಇಲ್ಲೇ.

ಇದು ಸಾವಿರಾರು ವರ್ಷ ಹಳೆಯದಾ?

ರೀಲ್ಸಿನಲ್ಲಿ ಹಾಗೇ ಹೇಳುತ್ತಾರೆ. ಆದರೆ ಇತಿಹಾಸ ಬೇರೆಯೇ ಇದೆ, ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಸ್ವಾರಸ್ಯ ಇರುವುದೂ ಇಲ್ಲೇ.

ಜೆರಾಲ್ಡ್ ಗಾರ್ಡ್ನರ್ ಅಂತ ಒಬ್ಬ ಇಂಗ್ಲಿಷಿನವನಿದ್ದ. ಹುಟ್ಟಿದ್ದು 1884ರಲ್ಲಿ. ಹರೆಯದಲ್ಲೇ ಸಿಲೋನಿನ ತೋಟಗಳಿಗೆ ಬಂದ, ಆಮೇಲೆ ಬೋರ್ನಿಯೊ, ಅಲ್ಲಿಂದ ಮಲಯಾ. ರಬ್ಬರ್ ತೋಟ, ಸುಂಕದ ಇಲಾಖೆ ಅಂತ ದುಡಿದು 1936ರಲ್ಲಿ ನಿವೃತ್ತನಾಗಿ ಊರಿಗೆ ಮರಳಿದ. ಏಷ್ಯಾದಲ್ಲಿದ್ದಷ್ಟು ದಿನವೂ ಸ್ಥಳೀಯರ ಪೂಜೆ, ಮಂತ್ರ, ಆಯುಧಗಳ ಬಗ್ಗೆ ಅವನಿಗೆ ವಿಪರೀತ ಆಸಕ್ತಿ. ಮಲಯಾದ ಕ್ರಿಸ್ ಎಂಬ ಅಂಕುಡೊಂಕು ಅಲಗಿನ ಕಠಾರಿಯ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದ. ಮುಂದೆ ವಿಕ್ಕಾ ಪೂಜೆಯಲ್ಲಿ ಚಾಕುವಿಗೆ ಅಷ್ಟು ಮಹತ್ವ ಬಂದದ್ದು ನೋಡಿದರೆ ನನಗಂತೂ ಈ ಸಂಗತಿ ನೆನಪಾಗದೇ ಇರುವುದಿಲ್ಲ.

1939ರಲ್ಲಿ ಇಂಗ್ಲೆಂಡಿನ ದಕ್ಷಿಣಕ್ಕಿರುವ ನ್ಯೂ ಫಾರೆಸ್ಟ್ ಹತ್ತಿರ ಒಂದು ಗುಟ್ಟಿನ ಗುಂಪು ತನಗೆ ದೀಕ್ಷೆ ಕೊಟ್ಟಿತು, ಆ ಗುಂಪು ಪುರಾತನ ಧರ್ಮವೊಂದರ ಉಳಿದ ಕೊಂಡಿ ಎಂದು ಗಾರ್ಡ್ನರ್ ಹೇಳಿಕೊಂಡ. ಆಗ ಇದನ್ನು ಬಹಿರಂಗವಾಗಿ ಬರೆಯುವ ಹಾಗಿರಲಿಲ್ಲ. ಬ್ರಿಟನ್ನಿನಲ್ಲಿ 1735ರ ಒಂದು ಕಾನೂನು ಇನ್ನೂ ಜೀವಂತವಾಗಿತ್ತು. ತಮಾಷೆ ಅಂದರೆ ಆ ಕಾನೂನಿನ ಪ್ರಕಾರ ಮಾಟ ಅನ್ನುವುದೇ ಸುಳ್ಳು, ಆದ್ದರಿಂದ "ನನಗೆ ಮಾಟ ಬರುತ್ತದೆ" ಎಂದು ಹೇಳಿಕೊಳ್ಳುವುದೇ ಅಪರಾಧ. ಹಾಗಾಗಿ 1949ರಲ್ಲಿ ಅವನು ತನಗೆ ಗೊತ್ತಿದ್ದದ್ದನ್ನು ಕಾದಂಬರಿಯ ವೇಷದಲ್ಲಿ, ಬೇರೆ ಹೆಸರಿನಲ್ಲಿ ಪ್ರಕಟಿಸಿದ. 1951ರಲ್ಲಿ ಆ ಕಾನೂನು ರದ್ದಾಯಿತು. 1954ರಲ್ಲಿ ಸ್ವಂತ ಹೆಸರಿನಲ್ಲಿ, ಕಥೆಯ ಮುಸುಕು ತೆಗೆದು ಪುಸ್ತಕ ಬರೆದ. ಲೋಕಕ್ಕೆ ಈ ಪಂಥ ಗೊತ್ತಾದದ್ದು ಅಲ್ಲಿಂದ.

ಆ ಪುಸ್ತಕಕ್ಕೆ ಮುನ್ನುಡಿ ಬರೆದವರು ಮಾರ್ಗರೆಟ್ ಮರ್ರೆ. ಹುಟ್ಟಿದ್ದು ಕಲ್ಕತ್ತದಲ್ಲಿ, ಹೆಸರು ಮಾಡಿದ್ದು ಈಜಿಪ್ಟಿನ ಪ್ರಾಚೀನ ಇತಿಹಾಸದ ವಿದ್ವಾಂಸೆಯಾಗಿ. ಯುರೋಪಿನಲ್ಲಿ ಮಾಟಗಾತಿಯರೆಂದು ಕೊಲೆಯಾದವರು ನಿಜಕ್ಕೂ ಕ್ರಿಸ್ತಪೂರ್ವ ಧರ್ಮವೊಂದನ್ನು ಗುಟ್ಟಾಗಿ ಪಾಲಿಸುತ್ತಿದ್ದವರು ಅಂತ 1921ರಲ್ಲೇ ಆಕೆ ವಾದಿಸಿದ್ದರು. ಗಾರ್ಡ್ನರನ ಕಥೆಗೆ ಅಡಿಪಾಯ ಇದೇ. ಇವತ್ತಿನ ಇತಿಹಾಸಕಾರರು ಆ ವಾದವನ್ನು ಒಪ್ಪುವುದಿಲ್ಲ. ವಿಚಾರಣೆಯ ಹಳೆಯ ದಾಖಲೆಗಳನ್ನು ಪೂರ್ತಿ ಓದಿದರೆ ಅಂಥ ಗುಪ್ತ ಧರ್ಮದ ಸುಳಿವು ಸಿಗುವುದಿಲ್ಲ. ಕೊಲೆಯಾದವರಲ್ಲಿ ಹೆಚ್ಚಿನವರು ಅಕ್ಕಪಕ್ಕದವರ ಸಿಟ್ಟಿಗೋ ಭಯಕ್ಕೋ ಸಿಕ್ಕಿದ ಸಾಮಾನ್ಯ ಕ್ರೈಸ್ತ ಹೆಂಗಸರು, ಗಂಡಸರೂ ಇದ್ದರು.

ಬ್ರಿಸ್ಟಲ್ ವಿಶ್ವವಿದ್ಯಾಲಯದ ಇತಿಹಾಸಕಾರ ರೊನಾಲ್ಡ್ ಹಟನ್ 1999ರಲ್ಲಿ ಈ ಪಂಥದ ಬೇರುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದರು. 1888ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೋಲ್ಡನ್ ಡಾನ್ ಎಂಬ ಗೂಢವಿದ್ಯೆಯ ಕೂಟದ ವಿಧಿಗಳು, ಫ್ರೀಮೇಸನ್ನರು ಎಂಬ ಗುಟ್ಟಿನ ಸಂಘದವರ ದೀಕ್ಷಾ ಕ್ರಮ, ಗೂಢವಿದ್ಯೆಯ ಇಂಗ್ಲಿಷ್ ಲೇಖಕ ಅಲಿಸ್ಟರ್ ಕ್ರೌಲಿಯ ಬರಹಗಳು, ಇಂಗ್ಲಿಷ್ ಕವಿಗಳ ಪ್ರಕೃತಿ ಪ್ರೇಮ, ಹಳ್ಳಿಯ ಕೆಲವು ಪದ್ಧತಿಗಳು, ಎಲ್ಲ ಸೇರಿ ಆದದ್ದು ವಿಕ್ಕಾ. 1953ರಲ್ಲಿ ದೀಕ್ಷೆ ಪಡೆದ ಡೊರೀನ್ ವಾಲಿಯಂಟೆ ಎಂಬಾಕೆ ಗಾರ್ಡ್ನರನ ಪೂಜಾವಿಧಿಯ ಪುಸ್ತಕದಲ್ಲಿ ಕ್ರೌಲಿಯ ಸಾಲುಗಳನ್ನು ಥಟ್ಟನೆ ಗುರುತು ಹಿಡಿದಳು. ಅವನ್ನು ತೆಗೆದು, ಎಷ್ಟೋ ಭಾಗಗಳನ್ನು ತಾನೇ ಹೊಸದಾಗಿ ಬರೆದಳು. ಇವತ್ತು ವಿಕ್ಕನ್‌ಗಳು ಭಕ್ತಿಯಿಂದ ಓದುವ, ದೇವಿಯೇ ಮಾತಾಡುವಂತೆ ಬರೆದ 'ದೇವಿಯ ನುಡಿ'ಯ ಗದ್ಯರೂಪ ಆಕೆಯದ್ದೇ.

ಹಾಗಾದರೆ ಇದೆಲ್ಲ ಸುಳ್ಳಾ? ಹಳೆಯದಲ್ಲ ಅನ್ನುವುದೂ ಸುಳ್ಳು ಅನ್ನುವುದೂ ಬೇರೆಬೇರೆ. ಇದು ಎಪ್ಪತ್ತು ಚಿಲ್ಲರೆ ವರ್ಷದ ಧರ್ಮ. ಇವತ್ತಿನ ಬಹಳಷ್ಟು ವಿಕ್ಕನ್‌ಗಳಿಗೆ ಇದು ಗೊತ್ತಿದೆ, ಅದರಿಂದ ಅವರ ಪೂಜೆ ನಿಂತಿಲ್ಲ.

ಇನ್ನೊಂದು ಅಂಕಿಯನ್ನೂ ಸರಿ ಮಾಡಿಕೊಳ್ಳೋಣ. ಯುರೋಪಿನಲ್ಲಿ 90 ಲಕ್ಷ ಮಾಟಗಾತಿಯರನ್ನು ಸುಟ್ಟರು ಎಂಬ ಮಾತು ಈಗಲೂ ಓಡಾಡುತ್ತದೆ. ಇತಿಹಾಸಕಾರರ ಅಂದಾಜು 40,000ದಿಂದ 60,000, ಅದೂ ಸುಮಾರು ಮೂರು ಶತಮಾನಗಳಲ್ಲಿ. ಕಡಿಮೆ ಅಂತ ಹೇಳುತ್ತಿಲ್ಲ, ಅದೇ ಸಾಕಷ್ಟು ಘೋರ. ಇಂಗ್ಲೆಂಡಿನಲ್ಲಿ ಈ ಅಪರಾಧಕ್ಕೆ ಸುಡುತ್ತಿರಲಿಲ್ಲ, ಗಲ್ಲಿಗೇರಿಸುತ್ತಿದ್ದರು. 1692ರಲ್ಲಿ ಅಮೆರಿಕದ ಸೇಲಂ ಊರಿನ ಮಾಟಗಾತಿ ವಿಚಾರಣೆಯಲ್ಲೂ 19 ಜನರಿಗೆ ಆದದ್ದು ನೇಣು.

ಯಾವ ದೇವರು?

ಗಾರ್ಡ್ನರನ ದಾರಿಯವರಿಗೆ ಇಬ್ಬರು: ಒಬ್ಬಳು ದೇವಿ, ಒಬ್ಬ ಕೊಂಬಿನ ದೇವರು. ದೇವಿಯನ್ನು ಚಂದ್ರನ ಜೊತೆ ಜೋಡಿಸಿ ಕನ್ನೆ, ತಾಯಿ, ಮುದುಕಿ ಎಂಬ ಮೂರು ರೂಪದಲ್ಲಿ ಕಾಣುತ್ತಾರೆ. ಕೊಂಬಿನ ದೇವರು ಕಾಡು, ಬೇಟೆ, ಸೂರ್ಯ, ಸಾವು ಇವಕ್ಕೆಲ್ಲ ಸೇರಿದವನು. ಕೆಲವರಿಗೆ ಈ ಇಬ್ಬರೂ ನಿಜವಾದ ದೇವತೆಗಳು. ಕೆಲವರಿಗೆ ಪ್ರಕೃತಿಯ ಶಕ್ತಿಗೆ ಇಟ್ಟ ಹೆಸರು. ಇನ್ನು ಕೆಲವರು "ದೇವರು ಇದ್ದಾನೋ ಇಲ್ಲವೋ ಗೊತ್ತಿಲ್ಲ, ಹಬ್ಬ ಮಾಡುವುದು ಇಷ್ಟ" ಅನ್ನುತ್ತಾರೆ, ಅವರೂ ಅದೇ ಗುಂಪಿನಲ್ಲಿ ಕೈಕೈ ಹಿಡಿದು ನಿಲ್ಲುತ್ತಾರೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಸ್ತ್ರೀವಾದದ ಜೊತೆ ಬೆಳೆದ ಒಂದು ಕವಲು ದೇವಿಯನ್ನು ಮಾತ್ರ ಪೂಜಿಸುತ್ತದೆ.

ಸತ್ತ ಮೇಲೆ ಏನು? ಹೆಚ್ಚಿನವರು ಪುನರ್ಜನ್ಮವನ್ನು ಒಪ್ಪುತ್ತಾರೆ. ಎರಡು ಜನ್ಮಗಳ ನಡುವೆ ಆತ್ಮ 'ಸಮರ್‌ಲ್ಯಾಂಡ್' ಎಂಬ ಕಡೆ ತಂಗಿರುತ್ತದೆ ಅನ್ನುವವರಿದ್ದಾರೆ. ನರಕದ ಕಲ್ಪನೆ ಇಲ್ಲ.

ಪೂಜೆ ಹೇಗೆ ನಡೆಯುತ್ತದೆ?

ದೇವಸ್ಥಾನ ಅಂತ ಸಾಮಾನ್ಯವಾಗಿ ಇರುವುದಿಲ್ಲ. ಯಾರದೋ ಮನೆಯ ಹಾಲ್, ಹಿತ್ತಿಲು, ಊರಾಚೆಯ ತೋಪು, ಎಲ್ಲಾದರೂ ಆಗುತ್ತದೆ. ಒಟ್ಟಿಗೆ ಸೇರಿ ಪೂಜಿಸುವ ಗುಂಪಿಗೆ ಕೋವನ್ ಅನ್ನುತ್ತಾರೆ. ಹದಿಮೂರು ಜನ ಇರಬೇಕು ಅನ್ನುವುದು ಹಳೆಯ ಮಾತು. ನಿಜಕ್ಕೂ ನಾಲ್ಕೈದು ಜನ ಇದ್ದರೂ ನಡೆಯುತ್ತದೆ.

ಹುಣ್ಣಿಮೆಯ ಒಂದು ಕೂಟವನ್ನೇ ತೆಗೆದುಕೊಳ್ಳಿ. ಮೊದಲು ಜಾಗವನ್ನು ಪೊರಕೆಯಿಂದ ಗುಡಿಸುತ್ತಾರೆ, ಕಸ ಇಲ್ಲದಿದ್ದರೂ. ಮಕ್ಕಳ ಕಥೆಯಲ್ಲಿ ಹಾರುವ ಪೊರಕೆಗೆ ಇಲ್ಲಿ ಇಷ್ಟೇ ಕೆಲಸ. ನಡುವೆ ಒಂದು ಮೇಜು. ಅದರ ಮೇಲೆ ಮೇಣದಬತ್ತಿ, ಧೂಪ, ಉಪ್ಪು, ನೀರು, ಒಂದು ಬಟ್ಟಲು, ನಕ್ಷತ್ರ ಕೆತ್ತಿದ ತಟ್ಟೆ, ಕೋಲು, ಕಪ್ಪು ಹಿಡಿಯ ಚಾಕು. ಈ ಚಾಕುವಿನ ಹೆಸರು ಅಥಾಮೆ. ಇದರಿಂದ ಸೊಪ್ಪನ್ನೂ ಕತ್ತರಿಸುವುದಿಲ್ಲ. ಕತ್ತರಿಸುವ ಕೆಲಸಕ್ಕೆ ಬಿಳಿ ಹಿಡಿಯ ಬೇರೆ ಚಾಕು ಇರುತ್ತದೆ. ಮುಖ್ಯಸ್ಥೆಯೋ ಮುಖ್ಯಸ್ಥನೋ ಅಥಾಮೆ ಹಿಡಿದು ಬಲಕ್ಕೆ ಸುತ್ತುತ್ತಾ ನೆಲದ ಮೇಲೆ ಕಾಣದ ಒಂದು ವೃತ್ತ ಬರೆಯುತ್ತಾರೆ. ಆ ವೃತ್ತದೊಳಗಿನ ಜಾಗ ಪೂಜೆ ಮುಗಿಯುವ ತನಕ ಪವಿತ್ರ. ಕಟ್ಟಡದ ಗುಡಿ ಇಲ್ಲದವರು ಪ್ರತಿ ಸಲ ಹೀಗೆ ಗುಡಿ ಕಟ್ಟಿ ಬಿಚ್ಚುತ್ತಾರೆ ಅಂದುಕೊಳ್ಳಬಹುದು.

ಆಮೇಲೆ ನಾಲ್ಕು ದಿಕ್ಕುಗಳನ್ನು ಕರೆಯುತ್ತಾರೆ. ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು. ಬ್ರಿಟನ್ನಿನಲ್ಲಿ ನಿಂತು ನೋಡಿದರೆ ಬಿಸಿಲು ದಕ್ಷಿಣದ ಕಡೆಯಿಂದ ಬೀಳುತ್ತದೆ, ಹಾಗಾಗಿ ಬೆಂಕಿ ಅಲ್ಲಿ. ಆಸ್ಟ್ರೇಲಿಯಾದಲ್ಲಿ ಬಿಸಿಲು ಉತ್ತರದಿಂದ ತಾನೇ? ಅಲ್ಲಿನ ಹಲವರು ಬೆಂಕಿಯನ್ನು ಉತ್ತರಕ್ಕೆ ಇಡುತ್ತಾರೆ. ಪುಸ್ತಕದಲ್ಲಿ ಇರುವುದಕ್ಕಿಂತ ಕಣ್ಣೆದುರಿನ ಪ್ರಕೃತಿಗೆ ಬೆಲೆ ಅನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ.

ದಿಕ್ಕುಗಳಾದ ಮೇಲೆ ದೇವಿಯನ್ನೂ ದೇವರನ್ನೂ ಕರೆಯುತ್ತಾರೆ. ಹುಣ್ಣಿಮೆಯ ದಿನ ಕೆಲವು ಕೋವನ್‌ಗಳಲ್ಲಿ ಚಂದ್ರನನ್ನು ಇಳಿಸಿಕೊಳ್ಳುವುದು ಎಂಬ ವಿಧಿ ಇರುತ್ತದೆ. ದೇವಿ ಮುಖ್ಯಸ್ಥೆಯೊಳಗೆ ಬಂದು ಅವಳ ಬಾಯಿಂದ ಮಾತಾಡುತ್ತಾಳೆ ಎಂಬ ಭಾವ. ನೀವು ಅಂದುಕೊಂಡಷ್ಟು ರಭಸ ಇರುವುದಿಲ್ಲ. ಬಹಳ ಸಲ ಬರೆದಿಟ್ಟ ನುಡಿಯನ್ನೇ ಗಂಭೀರವಾಗಿ ಹೇಳುತ್ತಾಳೆ. ಆಮೇಲೆ ಹಾಡು, ಧ್ಯಾನ, ಯಾರಿಗಾದರೂ ಹುಷಾರಿಲ್ಲದಿದ್ದರೆ ಅವರಿಗಾಗಿ ಪ್ರಾರ್ಥನೆ. ಕೊನೆಗೆ ಕೇಕು, ವೈನು ಹಂಚಿಕೊಂಡು ತಿಂದು, ಕರೆದ ಶಕ್ತಿಗಳಿಗೆಲ್ಲ ವಂದಿಸಿ ಕಳಿಸಿ, ವೃತ್ತ ಬಿಚ್ಚುತ್ತಾರೆ. ಅಷ್ಟೇ.

ಕೋವನ್ ಸೇರುವುದಕ್ಕೆ ದೀಕ್ಷೆ ಬೇಕು. ಗಾರ್ಡ್ನರನ ಕ್ರಮದಲ್ಲಿ ಮೂರು ಹಂತ, ಒಂದು ವರ್ಷ ಒಂದು ದಿನ ಕಾಯುವ ಪದ್ಧತಿ ಹಲವೆಡೆ ಇದೆ. ಆದರೆ ಈಗ ಒಬ್ಬೊಬ್ಬರೇ ಮನೆಯಲ್ಲಿ ಪೂಜೆ ಮಾಡಿಕೊಳ್ಳುವವರು ಬಹಳ. 1988ರಲ್ಲಿ ಅಮೆರಿಕದ ಸ್ಕಾಟ್ ಕನಿಂಗ್‌ಹ್ಯಾಂ ಒಂಟಿಯಾಗಿ ಮಾಡುವವರಿಗೆಂದೇ ಬರೆದ ಕೈಪಿಡಿ ಭರ್ಜರಿಯಾಗಿ ಮಾರಾಟವಾಯಿತು. ಗುರು ಬೇಡ, ಗುಂಪು ಬೇಡ, ಪುಸ್ತಕ ಇದ್ದರೆ ಸಾಕು ಎಂಬ ದಾರಿ ತೆರೆದುಕೊಂಡಿತು. ರೀಲ್ಸಿನಲ್ಲಿ ನಾವು ನೋಡುವ ವಿಕ್ಕಾ ಬಹುಪಾಲು ಈ ಕವಲಿನದ್ದು.

'ಬುಕ್ ಆಫ್ ಶ್ಯಾಡೋಸ್' ಅಂತ ಕೇಳಿದರೆ ಭಯ ಆಗುತ್ತದೆ, ಅಲ್ವಾ? ಅದು ಪೂಜೆಯ ಕ್ರಮ, ಪದ್ಯ, ಗಿಡಮೂಲಿಕೆಯ ಟಿಪ್ಪಣಿ ಬರೆದಿಟ್ಟುಕೊಳ್ಳುವ ನೋಟ್‌ಪುಸ್ತಕ.

ವರ್ಷಕ್ಕೆ ಎಂಟು ಹಬ್ಬ

ಸೂರ್ಯನ ಲೆಕ್ಕದಲ್ಲಿ ನಾಲ್ಕು: ಅತಿ ಉದ್ದದ ಹಗಲು, ಅತಿ ಉದ್ದದ ರಾತ್ರಿ, ಹಗಲು ರಾತ್ರಿ ಸಮ ಇರುವ ಎರಡು ದಿನ. ಇವುಗಳ ನಡುನಡುವೆ ಇನ್ನು ನಾಲ್ಕು. ಡಿಸೆಂಬರ್ 21ರ ಸುಮಾರಿಗೆ ಯೂಲ್. ಫೆಬ್ರುವರಿ ಮೊದಲಲ್ಲಿ ಇಂಬೋಲ್ಕ್, ಚಳಿ ಸಡಿಲವಾಗಿ ಕುರಿಗಳು ಮರಿ ಹಾಕುವ ಕಾಲ. ಮಾರ್ಚಿನಲ್ಲಿ ಓಸ್ಟಾರಾ. ಮೇ 1ಕ್ಕೆ ಬೆಲ್ಟೇನ್, ಬೆಂಕಿಯ ಹಬ್ಬ. ಸ್ಕಾಟ್ಲೆಂಡಿನ ಎಡಿನ್‌ಬರೋ ಊರಿನ ಕಾಲ್ಟನ್ ಗುಡ್ಡದ ಮೇಲೆ 1988ರಿಂದ ಇದನ್ನು ದೊಡ್ಡದಾಗಿ ಮಾಡುತ್ತಾರೆ, ನೋಡಲು ಬರುವವರಲ್ಲಿ ಪೇಗನ್ ಅಲ್ಲದವರೇ ಜಾಸ್ತಿ. ಜೂನ್‌ನಲ್ಲಿ ಲಿಥಾ, ಆಗಸ್ಟ್ 1ಕ್ಕೆ ಮೊದಲ ಗೋಧಿ ಕೊಯ್ಲಿನ ಲೂನಸಾ, ಸೆಪ್ಟೆಂಬರಿನಲ್ಲಿ ಮೇಬನ್. ಅಕ್ಟೋಬರ್ 31ರ ರಾತ್ರಿ ಸೌವಿನ್.

ಹ್ಯಾಲೋವೀನಿನ ಹಿಂದೆ ಇರುವುದು ಈ ಸೌವಿನ್. ಸತ್ತವರಿಗೂ ಬದುಕಿದವರಿಗೂ ನಡುವಿನ ಪರದೆ ಆ ರಾತ್ರಿ ತೆಳುವಾಗುತ್ತದೆ ಎಂಬ ನಂಬಿಕೆ. ತೀರಿಕೊಂಡವರ ಫೋಟೋ ಇಟ್ಟು, ಊಟದ ಮೇಜಿನಲ್ಲಿ ಅವರಿಗೂ ಒಂದು ತಟ್ಟೆ ಬಡಿಸಿ, ಕೆಲವರು ಮಾತಿಲ್ಲದೆ ಊಟ ಮಾಡುತ್ತಾರೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಾಕುವ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾತನಿಗೆ ಇಷ್ಟವಾದದ್ದನ್ನೇ ಮಾಡುವುದು, ಎಡೆ ಇಟ್ಟು ಬಾಗಿಲು ಮುಂದಕ್ಕೆ ಮಾಡಿ ಹೊರಗೆ ಕಾಯುವುದು, ಆಮೇಲೆ ಉಳಿದವರು ಉಣ್ಣುವುದು, ಭಾವ ಬಹಳ ಹತ್ತಿರ. ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಅದು ಮಾಡಲೇಬೇಕಾದ ಋಣ, ಅವರಲ್ಲಿ ಅದು ನೆನಪು. ಮಾಡದಿದ್ದರೆ ಹಿರಿಯರ ಶಾಪ ತಟ್ಟುತ್ತದೆ ಎಂಬ ಅಳುಕು ಅಲ್ಲಿಲ್ಲ.

ದಕ್ಷಿಣ ಗೋಳದಲ್ಲಿ ಇದೆಲ್ಲ ಉಲ್ಟಾ. ಆಸ್ಟ್ರೇಲಿಯಾದ ಪೇಗನ್‌ಗಳಲ್ಲಿ ಹೆಚ್ಚಿನವರಿಗೆ ಸೌವಿನ್ ಬರುವುದು ಏಪ್ರಿಲ್ ಕೊನೆಗೆ, ಯೂಲ್ ಬರುವುದು ಜೂನ್‌ಗೆ.

ಇಲ್ಲೂ ಪುರಾತನ ಅನ್ನುವ ಮಾತನ್ನು ಸ್ವಲ್ಪ ತೂಗಿ ನೋಡಬೇಕು. ಬಿಡಿಬಿಡಿಯಾಗಿ ಕೆಲವು ಹಬ್ಬಗಳು ನಿಜಕ್ಕೂ ಹಳೆಯವು. ಆದರೆ ಎಂಟನ್ನೂ ಒಟ್ಟಿಗೆ ಮಾಡುತ್ತಿದ್ದ ಪ್ರಾಚೀನ ಜನಾಂಗ ಯಾವುದೂ ಇಲ್ಲ. ಎಂಟರ ಚಕ್ರ ಕೂಡಿಬಂದದ್ದು 1950ರ ದಶಕದ ಬ್ರಿಟನ್ನಿನಲ್ಲಿ. ಮೇಬನ್, ಲಿಥಾ ಎಂಬ ಹೆಸರುಗಳನ್ನು ಈ ಹಬ್ಬಗಳಿಗೆ ಇಟ್ಟದ್ದು 1970ರ ದಶಕದ ಒಬ್ಬ ಅಮೆರಿಕನ್. ಇಂಗ್ಲೆಂಡಿನಲ್ಲಿರುವ ಪುರಾತನ ದೊಡ್ಡ ಕಲ್ಲುಗಳ ವೃತ್ತ ಸ್ಟೋನ್‌ಹೆಂಜ್ ಕೂಡ ಹಾಗೇ. ಉದ್ದದ ಹಗಲಿನ ಮುಂಜಾವು ಅಲ್ಲಿ ಸಾವಿರಾರು ಜನ ಸೇರುತ್ತಾರೆ, ಬಿಳಿ ನಿಲುವಂಗಿಯ ಡ್ರೂಯಿಡರ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಪ್ರಾಚೀನ ಡ್ರೂಯಿಡರ ಹೆಸರು ಇತಿಹಾಸದಲ್ಲಿ ಕಾಣಿಸಿಕೊಳ್ಳುವುದಕ್ಕೆ ಸುಮಾರು 2,000 ವರ್ಷ ಮೊದಲೇ ಆ ಕಲ್ಲುಗಳು ಅಲ್ಲಿ ನಿಂತಿದ್ದವು.

ಸೈತಾನನ ಪೂಜೆಯಾ?

ಇಲ್ಲ. ಸೈತಾನ ಬರುವುದು ಕ್ರೈಸ್ತ ಕಥನದಲ್ಲಿ. ವಿಕ್ಕನ್‌ಗಳಿಗೆ ಆ ಕಥನವೇ ತಮ್ಮದಲ್ಲ, ಇನ್ನು ಅದರೊಳಗಿನ ಖಳನಾಯಕನನ್ನು ಪೂಜಿಸುವುದೆಲ್ಲಿ ಬಂತು. ಗೊಂದಲಕ್ಕೆ ಕಾರಣ ಕೊಂಬು. ಗ್ರೀಕರ ಪ್ಯಾನ್, ಈಗಿನ ಫ್ರಾನ್ಸ್ ಕಡೆಯ ಪ್ರಾಚೀನ ಗಾಲ್ ಜನರ ಸರ್ನುನೋಸ್ ಮೊದಲಾದ ಹಳೆಯ ದೇವರುಗಳಿಗೆ ಕೊಂಬಿತ್ತು, ಮುಂದೆ ಸೈತಾನನ ಚಿತ್ರ ಬರೆದವರೂ ಅವನಿಗೆ ಕೊಂಬು ಇಟ್ಟರು. ಸೈತಾನನ ಹೆಸರಿಟ್ಟುಕೊಂಡ ಚರ್ಚೊಂದು 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಂಟನ್ ಲಾವೇ ಎಂಬಾತನಿಂದ ಶುರುವಾಯಿತು. ಅದು ಬೇರೆಯೇ ಸಂಸ್ಥೆ.

ಐದು ಮೂಲೆಯ ನಕ್ಷತ್ರ ವಿಕ್ಕಾದಲ್ಲಿ ಗಾಳಿ, ಬೆಂಕಿ, ನೀರು, ಮಣ್ಣು ಮತ್ತು ಆತ್ಮದ ಗುರುತು. ತಲೆಕೆಳಗಾದ ನಕ್ಷತ್ರ, ಅದರೊಳಗೆ ಮೇಕೆಯ ತಲೆ ಇದ್ದರೆ ಅದು ಲಾವೇ ಚರ್ಚಿನ ಗುರುತು. ಆದರೆ ಬರೀ ತಲೆಕೆಳಗಿದೆ ಅಂತ ನಿರ್ಧಾರಕ್ಕೆ ಬರಬೇಡಿ, ಗಾರ್ಡ್ನರನ ಕ್ರಮದಲ್ಲಿ ಎರಡನೇ ಹಂತದ ದೀಕ್ಷೆಗೂ ಅದೇ ಚಿಹ್ನೆ.

ಬಲಿ ಕೊಡುತ್ತಾರಾ? ವಿಕ್ಕಾದಲ್ಲಿ ಪ್ರಾಣಿಬಲಿ ಇಲ್ಲ. ಬತ್ತಲೆ ಪೂಜೆ ನಿಜವಾ? ಗಾರ್ಡ್ನರನಿಗೆ ನಗ್ನತೆಯ ಕ್ಲಬ್ಬುಗಳ ಒಲವಿತ್ತು, ಹಾಗಾಗಿ ಅವನ ಪರಂಪರೆಯ ಕೆಲವು ಕೋವನ್‌ಗಳಲ್ಲಿ ಈಗಲೂ ಉಂಟು. ಉಳಿದವರು ನಿಲುವಂಗಿ ತೊಡುತ್ತಾರೆ, ಬಯಲಲ್ಲಿ ಮಾಡುವವರು ಜಾಕೆಟ್ಟು ಬೂಟು. ಗಂಡು ಹೆಣ್ಣಿನ ಮಿಲನದ ಸಂಕೇತವಾಗಿ ಚಾಕುವಿನ ತುದಿಯನ್ನು ಬಟ್ಟಲಿನ ವೈನಿನಲ್ಲಿ ಅದ್ದುತ್ತಾರೆ, ಜನ ಪಿಸುಗುಟ್ಟುವುದೆಲ್ಲ ಹೆಚ್ಚಿನ ಕಡೆ ಇಷ್ಟಕ್ಕೇ ಮುಗಿಯುತ್ತದೆ.

ಸ್ಪೆಲ್ ಅಂದರೇನು? ಬೇರೆಯವರಿಗೆ ಕೆಡುಕು ಮಾಡುತ್ತಾರಾ?

ಕೆಲಸ ಹುಡುಕುತ್ತಿರುವ ಒಬ್ಬ ಹುಡುಗಿ ಅಂದುಕೊಳ್ಳಿ. ಹಸಿರು ಮೇಣದಬತ್ತಿಯ ಮೇಲೆ ತನ್ನ ಹೆಸರು ಕೆತ್ತುತ್ತಾಳೆ, ಬೇಕಾದದ್ದನ್ನು ಚೀಟಿಯಲ್ಲಿ ಬರೆಯುತ್ತಾಳೆ, ಬತ್ತಿ ಹಚ್ಚಿ ಅದನ್ನೇ ನೋಡುತ್ತಾ ಆ ಕೆಲಸ ಸಿಕ್ಕಿದ ಹಾಗೆ ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುತ್ತಾಳೆ. ಇದು ಸ್ಪೆಲ್. ಮರುದಿನ ಅರ್ಜಿ ಹಾಕಲೇಬೇಕು, ಅದನ್ನು ಅವರೂ ಹೇಳುತ್ತಾರೆ. ಮೇಣದಬತ್ತಿಯಿಂದ ಹೊರಗಿನ ಘಟನೆ ಬದಲಾಗುತ್ತದೆ ಅನ್ನುವುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಕೆಲವರು ಅದಕ್ಕೆ ಶಕ್ತಿ ಇದೆ ಎಂದು ನಂಬುತ್ತಾರೆ, ಕೆಲವರು ಇದು ಮನಸ್ಸನ್ನು ಒಂದೇ ಕಡೆ ನಿಲ್ಲಿಸುವ ಉಪಾಯ ಅನ್ನುತ್ತಾರೆ.

ನೀತಿಯ ವಿಷಯಕ್ಕೆ ಬಂದರೆ ಅವರ ಮುಖ್ಯ ಸೂತ್ರ ಒಂದೇ ಸಾಲು: ಯಾರಿಗೂ ಕೇಡಾಗದಿದ್ದರೆ ನಿನಗೆ ಬೇಕಾದದ್ದನ್ನು ಮಾಡು. ಇದರ ಜೊತೆಗೆ, ಮಾಡಿದ್ದು ಮೂರು ಪಟ್ಟಾಗಿ ತಿರುಗಿ ಬರುತ್ತದೆ ಎಂಬ ಮಾತೂ ಇದೆ. ಕರ್ಮದ ಹಾಗೇ ಕೇಳುತ್ತದೆ. ಗಾರ್ಡ್ನರನ ಕಾಲದ ಬ್ರಿಟನ್ನಿನಲ್ಲಿ ಇಂಥ ವಿಷಯಗಳಲ್ಲಿ ಆಸಕ್ತಿ ಇದ್ದವರಿಗೆ ಕರ್ಮ, ಪುನರ್ಜನ್ಮ ಹೊಸ ಪದಗಳಾಗಿರಲಿಲ್ಲ. 1875ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಆಮೇಲೆ ಮದ್ರಾಸಿನ ಅಡ್ಯಾರಿನಲ್ಲಿ ನೆಲೆ ನಿಂತ ಥಿಯಾಸಾಫಿಕಲ್ ಸೊಸೈಟಿ ಅವುಗಳನ್ನು ಆಗಲೇ ಪಶ್ಚಿಮದಲ್ಲಿ ಮನೆಮಾತಾಗಿಸಿತ್ತು.

ಎಚ್ಚರಿಕೆಯ ಒಂದು ಮಾತು. ಈ ಸೂತ್ರ ವಿಕ್ಕಾದ್ದು, ಎಲ್ಲ ಪೇಗನ್‌ಗಳದ್ದಲ್ಲ. 'ವಿಚ್' ಎಂದು ಕರೆದುಕೊಳ್ಳುವವರೆಲ್ಲ ವಿಕ್ಕನ್‌ಗಳೂ ಅಲ್ಲ, ಧರ್ಮವೇ ಬೇಡ ಅನ್ನುವವರೂ ಅವರಲ್ಲಿದ್ದಾರೆ. ಶಾಪ ಹಾಕುವುದನ್ನು ಸರಿ ಅನ್ನುವವರೂ ಸಿಗುತ್ತಾರೆ. ಟ್ಯಾರೋ ಕಾರ್ಡಿಗೂ ವಿಕ್ಕಾಕ್ಕೂ ಹುಟ್ಟಿನ ನಂಟಿಲ್ಲ. ಅದು 15ನೇ ಶತಮಾನದ ಇಟಲಿಯಲ್ಲಿ ಶುರುವಾದ ಇಸ್ಪೀಟಿನಾಟ, ಭವಿಷ್ಯ ಹೇಳಲು ಬಳಸತೊಡಗಿದ್ದು 18ನೇ ಶತಮಾನದಲ್ಲಿ.

ಕಾನೂನು ಇದನ್ನು ಧರ್ಮ ಅನ್ನುತ್ತದಾ?

ಅಮೆರಿಕದಲ್ಲಿ ಹೌದು. ವರ್ಜೀನಿಯಾದ ಒಬ್ಬ ಕೈದಿ ಪೂಜಾ ಸಾಮಾನು ಬೇಕೆಂದು ಕೋರ್ಟಿಗೆ ಹೋದ. 1986ರಲ್ಲಿ ಮೇಲ್ಮನವಿ ನ್ಯಾಯಾಲಯ ವಿಕ್ಕಾ ಒಂದು ಧರ್ಮವೇ ಎಂದು ಒಪ್ಪಿಕೊಂಡಿತು, ಆದರೆ ಜೈಲಿನ ಭದ್ರತೆಯ ಕಾರಣಕ್ಕೆ ಸಾಮಾನು ಕೊಡಿಸಲಿಲ್ಲ. 2007ರಲ್ಲಿ, ಮೊಕದ್ದಮೆ ಹೂಡಿದ ಮೇಲೆ, ಸತ್ತ ಸೈನಿಕರ ಸಮಾಧಿ ಕಲ್ಲಿನ ಮೇಲೆ ಐದು ಮೂಲೆಯ ನಕ್ಷತ್ರ ಕೆತ್ತಲು ಅಲ್ಲಿನ ಸರ್ಕಾರ ಒಪ್ಪಿತು. 2010ರಲ್ಲಿ ಇಂಗ್ಲೆಂಡಿನ ದತ್ತಿ ಆಯೋಗ ಡ್ರೂಯಿಡರ ಒಂದು ಸಂಘವನ್ನು ಧಾರ್ಮಿಕ ಸಂಸ್ಥೆಯಾಗಿ ನೋಂದಾಯಿಸಿತು. ವಧುವರರ ಕೈಗಳನ್ನು ದಾರದಿಂದ ಕಟ್ಟುವ ಪೇಗನ್ ಮದುವೆ ಸ್ಕಾಟ್ಲೆಂಡಿನಲ್ಲಿ ಕಾನೂನುಬದ್ಧ. ಇಂಗ್ಲೆಂಡಿನಲ್ಲಿ ಅದಲ್ಲದೆ ರಿಜಿಸ್ಟರ್ ಮದುವೆಯೂ ಆಗಬೇಕು.

ನಮ್ಮ ದೇಶದಲ್ಲಿ?

ಕೋಲ್ಕತ್ತದ ಇಪ್ಸಿತಾ ರಾಯ್ ಚಕ್ರವರ್ತಿ 1980ರ ದಶಕದಲ್ಲೇ ತಾನು ವಿಕ್ಕನ್ ಎಂದು ಬಹಿರಂಗವಾಗಿ ಹೇಳಿಕೊಂಡರು. ಮೈಸೂರಿಗೂ ಒಂದು ನಂಟಿದೆ. ನಾನಾ ದೇಶಗಳ ಹಳೆಯ ಸಂಪ್ರದಾಯಗಳ ಹಿರಿಯರು ಸೇರುವ ಅಂತರರಾಷ್ಟ್ರೀಯ ಸಮಾವೇಶ 2015ರಲ್ಲಿ ಅಲ್ಲಿ ನಡೆಯಿತು. ಹಿಂದೂಗಳೂ ಪೇಗನ್‌ಗಳೇನಾ ಎಂಬ ಪ್ರಶ್ನೆ ಇಂಥ ಕಡೆ ಏಳುತ್ತದೆ. ಹಲವು ದೇವರು, ನದಿ ಮರಗಳ ಪೂಜೆ ನೋಡಿ ಅವರಲ್ಲಿ ಕೆಲವರು ನಮ್ಮನ್ನು ಬಂಧುಗಳೆನ್ನುತ್ತಾರೆ. ಆದರೆ ಅವರದ್ದು ಕಡಿದುಹೋದದ್ದನ್ನು ಮತ್ತೆ ಕಟ್ಟುವ ಪ್ರಯತ್ನ, ಇಲ್ಲಿಯದ್ದು ಕಡಿಯದೇ ಬಂದದ್ದು. ಹೋಲಿಕೆಯನ್ನು ಜಾಸ್ತಿ ಎಳೆಯುವುದು ನನಗೆ ಸರಿ ಕಾಣುವುದಿಲ್ಲ.

ಈ ವಿಷಯವನ್ನು ನಮ್ಮಲ್ಲಿ ಹಗುರವಾಗಿ ಆಡುವ ಹಾಗಿಲ್ಲ, ಅದಕ್ಕೆ ಬೇರೆ ಕಾರಣ ಇದೆ. ಜಾರ್ಖಂಡ್, ಅಸ್ಸಾಂ ಮೊದಲಾದ ಕಡೆ ಹೆಂಗಸರನ್ನು ಮಾಟಗಾತಿ ಎಂದು ಹೊಡೆದು ಕೊಲ್ಲುವುದು ಈಗಲೂ ನಿಂತಿಲ್ಲ. ಇದರ ಹಿಂದೆ ಬಹಳ ಸಲ ಜಮೀನಿನ ಜಗಳವೋ ಊರಿನ ರೋಗರುಜಿನವೋ ಇರುತ್ತದೆ. ಬಿಹಾರ 1999ರಲ್ಲೇ ಇದರ ವಿರುದ್ಧ ಕಾನೂನು ಮಾಡಿತು. ಇಂಥ ಹಿಂಸೆಯ ವಿರುದ್ಧ ಹೋರಾಡಿದ ಜಾರ್ಖಂಡಿನ ಛುಟ್ನಿ ದೇವಿ ಮತ್ತು ಅಸ್ಸಾಮಿನ ಬೀರುಬಾಲಾ ರಾಭಾ ಇಬ್ಬರಿಗೂ 2021ರಲ್ಲಿ ಪದ್ಮಶ್ರೀ ಬಂತು. ಲಂಡನ್ನಿನಲ್ಲಿ ಒಬ್ಬಳು ಹೆಮ್ಮೆಯಿಂದ ಇಟ್ಟುಕೊಳ್ಳುವ ಹೆಸರು ಇಲ್ಲಿ ಒಬ್ಬಳ ಪ್ರಾಣಕ್ಕೆ ಕುತ್ತು ತರಬಹುದು. ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆ, 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದದ್ದು, ಬಾನಾಮತಿ ಹೆಸರಿನ ಕೃತ್ಯಗಳು, ದೆವ್ವ ಬಿಡಿಸುತ್ತೇನೆಂದು ಹೊಡೆಯುವುದು ಇಂಥವನ್ನು ಅಪರಾಧ ಅನ್ನುತ್ತದೆ. ತನ್ನ ಪಾಡಿಗೆ ಮನೆಯಲ್ಲಿ ಮೇಣದಬತ್ತಿ ಹಚ್ಚಿ ಧ್ಯಾನ ಮಾಡುವುದು ಅದರ ಗುರಿಯಲ್ಲ.

ಮನೆಯ ಮಕ್ಕಳು ಆಸಕ್ತಿ ತೋರಿಸಿದರೆ?

ಮೊದಲು ಸುಮ್ನೆ ಕೇಳಿ: ಇದರಲ್ಲಿ ನಿನಗೆ ಏನು ಇಷ್ಟವಾಯಿತು? ಬಹಳ ಸಲ ಉತ್ತರ ಚಂದ್ರ, ಗಿಡ, ಚಂದದ ಬಾಟಲಿ, ಒಂಟಿತನ ಇವುಗಳ ಸುತ್ತ ಇರುತ್ತದೆ. ಒಳ್ಳೆಯ ಹೆಸರಿರುವ ಕೋವನ್‌ಗಳು ಹದಿನೆಂಟು ತುಂಬದವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಹದಿನಾರರ ಹುಡುಗಿಗೆ ಆನ್‌ಲೈನಿನಲ್ಲಿ "ಗುಟ್ಟಾಗಿ ದೀಕ್ಷೆ ಕೊಡುತ್ತೇನೆ, ಮನೆಯಲ್ಲಿ ಹೇಳಬೇಡ" ಅನ್ನುವವರು ಯಾರಾದರೂ ಇದ್ದರೆ ಅಲ್ಲೇ ತಡೆಯಿರಿ.

ಸಣ್ಣ ಅಪಾಯಗಳೂ ಇವೆ. ಮೇಣದಬತ್ತಿ ಹಚ್ಚಿಟ್ಟು ಮಲಗಬಾರದು, ಪರದೆ ಪಕ್ಕದಲ್ಲೇ ಇರುತ್ತದೆ. ಉಬ್ಬಸ ಇರುವವರ ಮನೆಯಲ್ಲಿ ಒಣಸೊಪ್ಪಿನ ಹೊಗೆ ಒಳ್ಳೆಯದಲ್ಲ. ಹುಣ್ಣಿಮೆ ನೀರಿಗೆ ಬಣ್ಣದ ಕಲ್ಲು ಹಾಕಿ ಕುಡಿಯಿರಿ ಅಂತ ಕೆಲವು ವಿಡಿಯೋದಲ್ಲಿ ಹೇಳುತ್ತಾರೆ, ಅದನ್ನು ಮಾತ್ರ ಮಾಡಬೇಡಿ. ಹಸಿರು ಮ್ಯಾಲಕೈಟಿನಲ್ಲಿ ತಾಮ್ರ ಇರುತ್ತದೆ, ಗ್ಯಾಲೀನಾದಲ್ಲಿ ಸೀಸ, ಕೆಂಪು ಸಿನಬಾರಿನಲ್ಲಿ ಪಾದರಸ.

ಇನ್ನು ದುಡ್ಡು. ಗಾರ್ಡ್ನರನ ಪರಂಪರೆಯಲ್ಲಿ ದೀಕ್ಷೆಗೆ ಹಣ ತೆಗೆದುಕೊಳ್ಳುವಂತಿಲ್ಲ. ಬಿಟ್ಟುಹೋದ ಪ್ರೇಮಿಯನ್ನು ಮೂರು ದಿನದಲ್ಲಿ ವಾಪಸ್ ತರಿಸುತ್ತೇನೆ, ಮುಂಗಡವಾಗಿ ಯುಪಿಐ ಮಾಡಿ ಅನ್ನುವವರು ವಿಕ್ಕನ್ ಅಂತ ಹೇಳಿಕೊಂಡರೂ ಅಷ್ಟೇ, ಇನ್ನೇನೋ ಅಂತ ಹೇಳಿಕೊಂಡರೂ ಅಷ್ಟೇ. ಹಣ ಹೋದರೆ 1930ಕ್ಕೆ ಬೇಗ ಫೋನ್ ಮಾಡಿ, ಸೈಬರ್ ವಂಚನೆಯ ಸಹಾಯವಾಣಿ ಅದು.